ಆರು ಸೊನ್ನೆಯ ನೋಟು

ಕಂಡಕ್ಟರನ ಚೀಲಕ್ಕೆ ಪರದೇಶದ ದುಡ್ಡು ಹೇಗೆ ಬರುತ್ತದೆ ಎಂದು ಜನ ಕುತೂಹಲದಿಂದ ಕೇಳುತ್ತಾರೆ. ಮೋಸದಿಂದ ಬರುತ್ತದೆ. ಕೂತವರು ಐವತ್ತು, ನಿಂತವರು ಅಷ್ಟೇ ಇರುವ ಬಸ್ಸಿನಲ್ಲಿ ಕಂಬಕ್ಕೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಟಿಕೆಟ್ ಹರಿಯುತ್ತ, ಇನ್ನೊಂದರಲ್ಲಿ ಚಿಲ್ಲರೆ ಇಸಿದುಕೊಳ್ಳುವವನ ಅಂಗೈಗೆ ನಾಲ್ಕು ನಾಣ್ಯದ ನಡುವೆ ಇಂಥದ್ದೊಂದನ್ನು ಸೇರಿಸಿ ಒತ್ತಿದರೆ ಮುಗಿಯಿತು. ನಾನು ಕಣ್ಣಿಟ್ಟು ನೋಡುವಷ್ಟರಲ್ಲಿ ಕೊಟ್ಟವರು ಇಳಿದು ಹೋಗಿರುತ್ತಾರೆ. ಸಂಜೆ ಡಿಪೋದಲ್ಲಿ ಹಣ ಕಟ್ಟುವಾಗ ಕ್ಯಾಷಿಯರ್ ಅದನ್ನು ಉಗುರಿನಲ್ಲಿ ಎತ್ತಿ ನನ್ನ ಕಡೆ ಉರುಳಿಸುತ್ತಿದ್ದರು.

"ಯಾವ ದೇಸದ್ದಪ್ಪ ಇದು? ಅಲ್ಲಿಗೇ ಓಗಿ ಕಟ್ಟು."

ಅಷ್ಟು ದುಡ್ಡು ನನ್ನ ಜೇಬಿನಿಂದ ಹೋಗುತ್ತಿತ್ತು. ಎರಡು ರೂಪಾಯಿ, ಐದು ರೂಪಾಯಿ ಎಂದು ನಗಬೇಡಿ. ಎರಡು ರೂಪಾಯಿಗೆ ಮೋಸ ಹೋದವನಿಗೂ ಉರಿ ಅಷ್ಟೇ. ಮೊದಮೊದಲು ಆ ನಾಣ್ಯಗಳನ್ನು ಕಿಟಕಿಯಿಂದ ಎಸೆಯುತ್ತಿದ್ದೆ. ಆಮೇಲೆ, ದುಡ್ಡು ಕೊಟ್ಟಾಗಿದೆಯಲ್ಲ, ಯಾಕೆ ಎಸೆಯಬೇಕು ಅನ್ನಿಸಿತು. ಬಿಸ್ಕತ್ತಿನ ಡಬ್ಬವೊಂದರಲ್ಲಿ ಹಾಕತೊಡಗಿದೆ.

ನನ್ನದು ಆಗ ಮರಳವಾಡಿಯಿಂದ ಹಾರೋಹಳ್ಳಿ, ಕನಕಪುರ ಹಾದು ರಾಮನಗರಕ್ಕೆ ಹೋಗುವ ಬಸ್ಸು. ಹಾರೋಹಳ್ಳಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಮೆಷಿನ್ ಕೂರಿಸಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು, ಅವರು ಇನಾಮು ಕೊಟ್ಟಿದ್ದು ವಾಚ್‌ಮನ್, ಟ್ಯಾಕ್ಸಿಯವರು, ಹೋಟೆಲಿನವರ ಕೈ ದಾಟಿ ನನ್ನ ಚೀಲಕ್ಕೆ ಬೀಳುತ್ತಿತ್ತು. ಗಲ್ಫಿನಿಂದ ವಾಪಸಾದವರ ಮನೆಯ ಚಿಲ್ಲರೆಯೂ ಇತ್ತು. ಸೌದಿಯ ಐವತ್ತು ಹಲಾಲದ ನಾಣ್ಯ ನಮ್ಮ ಎರಡು ರೂಪಾಯಿಯಷ್ಟೇ ಅಗಲ. ಆದರೆ ನಮ್ಮದಕ್ಕೆ ಆಗ ಸುತ್ತಲೂ ಮೂಲೆಗಳಿದ್ದವು, ಅದರ ಅಂಚು ಪೂರ್ತಿ ಗುಂಡು. ಹೆಬ್ಬೆರಳು ಒಂದು ಸುತ್ತು ಓಡಿಸಿದರೆ ಕತ್ತಲಲ್ಲೂ ಗೊತ್ತಾಗುತ್ತದೆ. ಶ್ರೀಲಂಕಾದ್ದು ಭಾರ. ಜಪಾನಿನ ಐವತ್ತು ಯೆನ್‌ಗೆ ನಡುವೆ ತೂತು. ಹೀಗೆ ಒಂದೊಂದೇ ಕಲಿತೆ.

ಇನ್ನೂರು ಪುಟದ ಉದ್ದ ನೋಟ್‌ಬುಕ್ಕೊಂದನ್ನು ಇಟ್ಟೆ. ಯಾವ ದಿನ, ಯಾವ ಟ್ರಿಪ್ಪು, ಯಾವ ಸ್ಟೇಜು, ಯಾವ ದೇಶ, ನೋಟಾದರೆ ಅದರ ನಂಬರು, ಅದರ ಬದಲು ಚೀಲಕ್ಕೆ ನಾನು ಹಾಕಿದ ದುಡ್ಡೆಷ್ಟು, ಕೊನೆಯಲ್ಲಿ ಷರಾ. ರಾಮನಗರದ ಸೈಬರ್ ಸೆಂಟರಿನಲ್ಲಿ ಅರ್ಧ ಗಂಟೆ ಕೂತು ಆವತ್ತಿನ ಬೆಲೆ ಹುಡುಕಿ ಷರಾದಲ್ಲಿ ಬರೆಯುತ್ತಿದ್ದೆ. ಯಾರಾದರೂ ಅದಲುಬದಲು ಕೇಳಿದರೆ ಕೊಡುತ್ತಿದ್ದೆ, ಆದರೆ ಪುಸ್ತಕದಲ್ಲಿ ಸಹಿ ಹಾಕಲೇಬೇಕು. ಸಹಿಯಿಲ್ಲದೆ ಒಂದು ಪೈಸೆ ಕೈ ಬಿಡಬಾರದು ಎನ್ನುವುದು ಕೆಲಸ ನನಗೆ ಕಲಿಸಿದ ಚಟ. ನನ್ನ ಬಸ್ಸಿನ ಡ್ರೈವರ್ ಗೇಲಿ ಮಾಡುತ್ತಿದ್ದ: "ಏನ್ಲಾ, ಎಂಡ್ರು ಮಕ್ಳ ಎಸ್ರೂ ಇಷ್ಟು ನೀಟಾಗಿ ಬರ್ದಿಲ್ವಲ್ಲೋ ನೀನು!"

ಎರಡನೆಯ ವರ್ಷ ಸಿಕ್ಕಿಬಿದ್ದೆ. ಆವತ್ತು ಚನ್ನಪಟ್ಟಣದ ಟ್ರಿಪ್ಪಿಗೆ ಹಾಕಿದ್ದರು. ಕೆಂಗಲ್ ಹತ್ತಿರ ಚೆಕಿಂಗ್‌ನವರು ಹತ್ತಿದರು. ಕಂಡಕ್ಟರನ ಬಳಿ ಇರುವ ಸ್ವಂತ ಹಣವನ್ನು ಬೆಳಿಗ್ಗೆಯೇ ವೇಬಿಲ್ಲಿನಲ್ಲಿ ಬರೆದಿರಬೇಕು. ವೇಬಿಲ್ ಎಂದರೆ ಟಿಕೆಟ್ಟಿನ ನಂಬರು, ವಸೂಲಿ ಎಲ್ಲ ಬರೆಯುವ ಹಾಳೆ. ಅದರಲ್ಲಿ ಇಲ್ಲದ ಹನ್ನೊಂದು ನಾಣ್ಯ ನನ್ನ ಚೀಲದ ಒಳಜೇಬಿನಲ್ಲಿ ಸಿಕ್ಕವು. ಅವು ಯಾವ ಲೆಕ್ಕಕ್ಕೆ ಸೇರುತ್ತವೆ ಎಂದು ಅವರಿಗೂ ಗೊತ್ತಾಗಲಿಲ್ಲ. ಕೊನೆಗೆ ಡಿಪೋದಲ್ಲಿ, ಇನ್ನು ಮುಂದೆ ಕರ್ತವ್ಯದ ವೇಳೆ ಪರದೇಶದ ನಾಣ್ಯ, ನೋಟು ಸಂಗ್ರಹಿಸುವುದಿಲ್ಲ ಎಂದು ನನ್ನ ಕೈಯಲ್ಲೇ ಬರೆಸಿಕೊಂಡು ಬಿಟ್ಟರು. ಬರೆದುಕೊಟ್ಟೆ. ಹತ್ತು ದಿನ ಸುಮ್ಮನಿದ್ದು ಮತ್ತೆ ಶುರುಮಾಡಿದೆ. ಒಳಜೇಬಿನ ಬದಲು ಕಾಲುಚೀಲದಲ್ಲಿ ಇಡತೊಡಗಿದೆ. ಪುಸ್ತಕದಲ್ಲಿ ಮಾತ್ರ ಮೊದಲಿನಂತೆಯೇ ದಿನ, ಟ್ರಿಪ್ಪು, ಸ್ಟೇಜು ಬರೆಯುತ್ತಿದ್ದೆ. ನನ್ನ ಮೇಲಿನ ಸಾಕ್ಷಿಯನ್ನು ನಾನೇ ದುಂಡಗೆ ಬರೆದಿಡುತ್ತಿದ್ದೇನೆ ಎಂಬ ಬುದ್ಧಿ ನನಗೆ ಇರಲಿಲ್ಲ.

ಆಮೇಲೆ ಬಂದದ್ದು ಆ ನೋಟು. ಹಾರೋಹಳ್ಳಿಯಲ್ಲಿ ಹತ್ತಿದ ಟ್ಯಾಕ್ಸಿ ಡ್ರೈವರ್ ಒಬ್ಬ ಅದನ್ನು ನನ್ನ ಮುಖದ ಮುಂದೆ ಹಿಡಿದ.

"ಅತ್ತು ಲಕ್ಸ ಐತೆ ಕಣಣ್ಣ. ಕನಕಪುರ ಒಂದು. ಚಿಲ್ರೆ ಕೊಡಿ."

"ಚಿಲ್ರೆ ಕೊಡಕ್ಕೆ ಈ ಬಸ್ಸೇ ಮಾರ್ಬೇಕು ಕಣಪ್ಪ," ಎಂದೆ. ಬಸ್ಸೆಲ್ಲ ನಕ್ಕಿತು.

ಟರ್ಕಿ ದೇಶದ್ದು. ಒಂದರ ಮುಂದೆ ಆರು ಸೊನ್ನೆ. ಹಿಂದೆ ಒಂದು ಅಣೆಕಟ್ಟಿನ ಚಿತ್ರ, ಅದರ ಮೇಲೆ ಯಾರದೋ ಪೆನ್ನಿನ ನೀಲಿ ಮಸಿಯ ಕಲೆ. ಅವನ ಟಿಕೆಟ್ಟಿನ ದುಡ್ಡು ನಾನು ಹಾಕಿ ನೋಟು ಇಟ್ಟುಕೊಂಡೆ. ಸೈಬರ್ ಸೆಂಟರಿನಲ್ಲಿ ಹುಡುಕಿದರೆ ವಿಷಯ ಹೀಗಿತ್ತು: ಆ ದೇಶ ತನ್ನ ದುಡ್ಡಿನಿಂದ ಆರು ಸೊನ್ನೆ ಕಿತ್ತುಹಾಕಿ ಹೊಸ ನೋಟು ತಂದಿದೆ. ಹಳೆಯ ಹತ್ತು ಲಕ್ಷಕ್ಕೆ ಹೊಸದು ಒಂದೇ ಒಂದು. ಅದೂ ಅವರ ದೇಶದ ಬ್ಯಾಂಕಿನಲ್ಲಿ ಬದಲಾಯಿಸಿಕೊಂಡರೆ. ಷರಾದಲ್ಲಿ ಬರೆದೆ: 'ಹಳೆ ನೋಟು, ಅಂಗಡಿಯಲ್ಲಿ ನಡೆಯುವುದಿಲ್ಲ, ಬೆಲೆ ಅಂದಾಜು ಮೂವತ್ತು ರೂಪಾಯಿ.'

ಕನಕಪುರದಿಂದ ರಾಮನಗರಕ್ಕೆ ವಾರಕ್ಕೆರಡು ಸಲ ಬರುತ್ತಿದ್ದ ಜಮೀನು ದಲ್ಲಾಳಿಯೊಬ್ಬ ಇದ್ದ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಫೈಲು, ಬಾಯಿತುಂಬ ಮರ್ಯಾದೆ. ನನ್ನ ಹುಚ್ಚು ಗೊತ್ತಾದ ಮೇಲೆ ಹತ್ತಿದ ಕೂಡಲೇ "ಏನ್ ಕಂಡಕ್ಟ್ರೇ, ಇವತ್ಯಾವ ದೇಶ?" ಎನ್ನುತ್ತಿದ್ದ. ನನಗೆ ಅದು ಸನ್ಮಾನದ ಹಾಗೆ ಕಾಣುತ್ತಿತ್ತು. ನಾನು ಕಷ್ಟಪಟ್ಟು ಕಲಿತದ್ದನ್ನು ಕೇಳುವ ಒಬ್ಬ ಮನುಷ್ಯ ಸಿಕ್ಕಿದನಲ್ಲ! ಆ ನೋಟು ತೋರಿಸಿದಾಗ ಅವನು ಸೊನ್ನೆಗಳನ್ನು ಬೆರಳಲ್ಲಿ ಮುಟ್ಟಿ ಎಣಿಸಿದ.

"ಇದನ್ನ ನಂಗೆ ಕೊಡಿ. ಬದ್ಲಿಗೆ ಜಪಾನಿನ ಐದು ನಾಣ್ಯ ತಂದ್ಕೊಡ್ತೀನಿ. ನಮ್ಮ ಪಾರ್ಟಿ ಒಬ್ರತ್ರ ಅವೆ."

"ಸೊನ್ನೆ ನೋಡಿ ಮೋಸ ಹೋಗ್ಬೇಡಿ ಸ್ವಾಮಿ. ಮೂವತ್ತು ರೂಪಾಯಿಗೂ ಯಾರೂ ಇಸ್ಕಳಲ್ಲ," ಎಂದು ಷರಾ ತೋರಿಸಿ ಎಲ್ಲ ವಿವರಿಸಿದೆ.

"ಇರ್ಲಿ ಬುಡಿ, ಸೋಕಿಗೆ," ಎಂದ.

ಮುಂದಿನ ವಾರ ಐದು ನಾಣ್ಯ ತಂದ. ಐದೂ ಐವತ್ತು ಯೆನ್‌ನ ತೂತಿನವು. ಲೆಕ್ಕದ ಪ್ರಕಾರ ಅವು ನನ್ನ ನೋಟಿಗಿಂತ ಮೂರು ಪಟ್ಟು ಬಾಳುತ್ತಿದ್ದವು. ಇವನಿಗೆ ನಾನೇ ಟೋಪಿ ಹಾಕಿದೆ ಎಂದು ಒಳಗೊಳಗೇ ಹಿಗ್ಗಿದೆ. ಪುಸ್ತಕ ಮುಂದೆ ಹಿಡಿದರೆ, "ಅಬ್ಬಾ, ರಿಜಿಸ್ಟ್ರಾಫೀಸಿಗಿಂತ ಜೋರಾಯ್ತಲ್ಲ ನಿಮ್ದು," ಎಂದು ನಗುತ್ತಲೇ ಷರಾದ ಕೆಳಗೆ ಸಹಿ ಹಾಕಿದ.

ಇದಾಗಿ ಎರಡು ತಿಂಗಳಿರಬಹುದು. ಮರಳವಾಡಿಯಿಂದ ಹೊರಡುವ ಬೆಳಗಿನ ಮೊದಲ ಬಸ್ಸಿಗೆ ರೇಷ್ಮೆಗೂಡಿನ ಚೀಲ ಹೊತ್ತು ಬರುವ ಒಬ್ಬ ಹೆಂಗಸಿದ್ದಳು. ಬೆಳೆ ಕೊಯ್ದ ದಿನಗಳಲ್ಲಿ ರಾಮನಗರದ ಗೂಡಿನ ಮಾರುಕಟ್ಟೆಗೆ, ಮಿಕ್ಕ ದಿನ ಕನಕಪುರಕ್ಕೆ ತರಕಾರಿಯೋ ಇನ್ನೇನೋ ಹಿಡಿದು, ಅಂತೂ ವಾರಕ್ಕೊಮ್ಮೆಯಾದರೂ ನನ್ನ ಬಸ್ಸಿನಲ್ಲೇ. ಲಗೇಜ್ ಟಿಕೆಟ್ಟಿಗೆ ನನಗೂ ಅವಳಿಗೂ ಪ್ರತಿಸಲ ಜಗಳ. "ಗೂಡು ಅತ್ತಿ ಇದ್ದಂಗೈತೆ, ಅದ್ಕೂ ದುಡ್ಡಾ?" ಎಂದು ಬಸ್ಸಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಒಂದು ಎಕರೆ ಚಿಲ್ಲರೆ ಹಿಪ್ಪುನೇರಳೆ ತೋಟ ಅವಳದು. ನೀರು ಹಾಯಿಸುವುದು, ಸೊಪ್ಪು ಕೊಯ್ಯುವುದು, ಹುಳ ಸಾಕುವುದು ಎಲ್ಲ ಅವಳೇ. ಗಂಡನದು ಪಂಚಾಯ್ತಿ ಕಟ್ಟೆಯ ಮೇಲಿನ ಉದ್ಯೋಗ.

ಆವತ್ತು ಅವಳ ತಲೆಯ ಮೇಲೆ ಚೀಲವಿರಲಿಲ್ಲ. ಹಾರೋಹಳ್ಳಿ ದಾಟಿ ಬಸ್ಸು ಒಸಿ ಖಾಲಿಯಾದ ಮೇಲೆ ನನ್ನನ್ನು ಕರೆದಳು.

"ಅಣ್ಣ, ನೀನು ಫಾರಿನ್ ದುಡ್ಡು ಕೂಡಾಕ್ತೀಯಂತೆ, ಡ್ರೈವರಣ್ಣ ಏಳ್ದ. ಇದು ಒಸಿ ನೋಡು. ಬ್ಯಾಂಕ್ನಾಗೆ ಯಾವ್ ಕಿಟ್ಕೀಲಿ ಕೊಡ್ಬೇಕು?"

ಪ್ಲಾಸ್ಟಿಕ್ ಕವರಿನೊಳಗೆ ಕವರು, ಅದರೊಳಗೆ ಮಡಿಸದೆ ಇಟ್ಟ ನೋಟು. ತಿರುಗಿಸಿದೆ. ಅಣೆಕಟ್ಟಿನ ಮೇಲೆ ನೀಲಿ ಮಸಿ.

"ಎಲ್ಲಿಂದ ಬಂತಕ್ಕ ಇದು?"

"ಜಮೀನಿಗೆ ಅಡ್ವಾನ್ಸು. ಕಂಪ್ನಿ ಫಾರಿನ್ದಂತೆ, ಅದ್ಕೇ ದುಡ್ಡೂ ಫಾರಿನ್ದೇ ಕೊಡ್ತಾರಂತೆ. ಅತ್ತು ಲಕ್ಸ. ನಮ್ಮೆಜಮಾನ್ರು ಸೊನ್ನೆ ಎಣ್ಸುದ್ರು, ಸರಿಯಾಗೈತೆ. ಮಿಕ್ಕಿದ್ದು ರಿಜಿಸ್ಟ್ರು ದಿನ, ಬರೋ ಸ್ವಾಮ್ವಾರ."

ದಲ್ಲಾಳಿಯ ಚಹರೆ ಕೇಳಿದೆ. ಅವನೇ. ಛಾಪಾ ಕಾಗದದ ಕರಾರಿನಲ್ಲಿ ಹತ್ತು ಲಕ್ಷ ರೂಪಾಯಿ ಮುಟ್ಟಿದೆ ಎಂದು ಬರೆಸಿ ಗಂಡ ಹೆಂಡತಿ ಇಬ್ಬರ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಒಂದು ವರ್ಷ ಯಾರಿಗೂ ತೋರಿಸಬೇಡಿ, ಇನ್‌ಕಮ್ ಟ್ಯಾಕ್ಸಿನವರು ಬಂದುಬಿಡುತ್ತಾರೆ ಎಂದೂ ಹೇಳಿದ್ದನಂತೆ. ಇವಳಿಗೆ ಮಾತ್ರ ನಂಬಿಕೆ ಪೂರ್ತಿ ಕೂರದೆ ಗಂಡನಿಗೆ ಹೇಳದೆ ತಂದಿದ್ದಳು.

"ಈ ಸಲ ಗೂಡು ಇಲ್ವಲ್ಲ?" ಎಂದೆ, ಏನೋ ಒಂದು ಕೇಳಬೇಕೆಂದು.

"ಎಲ್ಲಿ ಗೂಡು? ಅಳ್ತೆಗೆ ಬೂಮಿ ಖಾಲಿ ಇರ್ಬೇಕು ಅಂದ. ಮೊನ್ನೆ ಜೆಸಿಬಿ ಬುಟ್ಟು ತ್ವಾಟ ಬೇರ್ಸಮೇತ ಕೀಳ್ಸುದ್ರು."

ನಾನು ಆಗ ಮಾಡಿದ್ದನ್ನು ಹೇಳಿಬಿಡುತ್ತೇನೆ: "ಸಂಜೆ ಏಳ್ತೀನಕ್ಕ, ಬುಕ್ಕಲ್ಲಿ ನೋಡ್ಬೇಕು," ಎಂದು ನೋಟು ವಾಪಸ್ ಕೊಟ್ಟು ಮುಂದಿನ ಸೀಟಿನ ಕಡೆ ಹೋದೆ. ಟಿಕೆಟ್ ಕೇಳುವವರೇ ಇಲ್ಲದ ಸೀಟುಗಳ ನಡುವೆ ಹೋಗಿ ನಿಂತೆ. ನಂಬರು ಮಾತ್ರ ಅಂಗೈ ಮೇಲೆ ಬರೆದುಕೊಂಡಿದ್ದೆ. ಮಧ್ಯಾಹ್ನ ಮನೆಗೆ ಓಡಿ ಪುಸ್ತಕ ತೆಗೆದರೆ ಅಕ್ಷರ, ಅಂಕಿ ಎಲ್ಲ ತಾಳೆಯಾಯಿತು. ಸಂಜೆ ಅವಳಿಗೆ, "ಇನ್ನೆರಡು ದಿನ ತಡಿ, ವಿಚಾರಿಸ್ತೀನಿ," ಎಂದೆ.

ಪುಸ್ತಕ ಹೊರಗೆ ಬರದೆ ಕೆಲಸ ಆಗಬೇಕಿತ್ತು, ಅದೇ ನನ್ನ ಯೋಚನೆ. ಮರುದಿನ ರಾಮನಗರದ ಒಂದು ಬ್ಯಾಂಕಿಗೆ ಹೋಗಿ, ಈ ನೋಟಿಗೆ ಬೆಲೆಯಿಲ್ಲ ಎಂದು ಒಂದು ಸಾಲು ಬರೆದುಕೊಡಿ ಎಂದು ಕೇಳಿದೆ. ಅಂಥದ್ದನ್ನು ಬರೆದುಕೊಡಲು ತಮಗೆ ಬರುವುದಿಲ್ಲ ಎಂದರು. ಅದರ ಮರುದಿನ ದಲ್ಲಾಳಿ ಬಸ್ಸು ಹತ್ತಿದ. ಅವನನ್ನು ಹಿಂದಿನ ಬಾಗಿಲ ಬಳಿ ನಿಲ್ಲಿಸಿಕೊಂಡೆ.

"ನಾಚ್ಕೆ ಆಗಲ್ವಾ ನಿಮ್ಗೆ? ಮೂವತ್ತು ರೂಪಾಯಿ ಅಂತ ನಾನೇ ಏಳಿದ್ನಲ್ಲ! ಕರಾರು ಅರಿದಾಕಿ."

ಅವನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. "ನಾನು ನಗದು ಕೊಟ್ಟಿವ್ನಿ. ಪತ್ರದಲ್ಲೇ ಐತೆ, ಹೆಬ್ಬೆಟ್ಟು ಐತೆ. ಯಾವ ನೋಟು, ಏನ್ಕತೆ? ನಿಮ್ಮ ಪುಸ್ತಕನಾ? ಡ್ಯೂಟೀಲಿ ಕದ್ದುಮುಚ್ಚಿ ಕೂಡಾಕಿದ್ದು ಅಂತ ಡಿಪೋಗೇ ಗೊತ್ತು. ಬರ್ಕೊಟ್ಟಿದ್ದೀರಂತೆ? ತೆಗೀರಿ ಆಚೆಗೆ, ಯಾರ್ ಕೆಲ್ಸ ಓಯ್ತದೆ ನೋಡಣ."

ಟಿಕೆಟ್ ಕೇಳಿ ಇಸಿದುಕೊಂಡು ಕಿಟಕಿ ಪಕ್ಕ ಕೂತ. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಸುಳ್ಳಿಗಿಂತ ಅವನ ಲೆಕ್ಕ ಸರಿಯಾಗಿತ್ತಲ್ಲ, ಅದಕ್ಕೆ. ಎರಡು ದಿನ ನಾನು ಮಾಡಿದ್ದು ಅದೇ ಲೆಕ್ಕ. ಕನಕಪುರ ಬಂದಾಗ ಡ್ರೈವರನಿಗೆ ಎಲ್ಲ ಹೇಳಿದೆ. ಅವನು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದು ಕೇಳಿಸಿಕೊಂಡ.

"ಲೇ, ಇನ್ನೇನ್ಲಾ ಯೋಚ್ನೆ ಮಾಡ್ತಿದ್ದೀಯ? ಸ್ವಾಮ್ವಾರ ಆದ್ಮೇಲೆ ನಿನ್ ಬುಕ್ಕು ಇಟ್ಕಂಡು ಪೂಜೆ ಮಾಡ್ತೀಯಾ?"

ಇವತ್ತೂ ಆ ಮಾತಿಗೆ ಅವನಿಗೆ ಋಣಿ. ಮರುದಿನ ಶನಿವಾರ ರಜೆ ಹಾಕಿ ಪುಸ್ತಕ ಹಿಡಿದು ಅವಳ ಮನೆಗೆ ಹೋದೆ. ನೋಟು ಮೂವತ್ತು ರೂಪಾಯಿದು ಎಂದ ಕೂಡಲೇ ಗಂಡ ನನ್ನ ಮೇಲೇ ಏರಿಬಂದ. ನಾನೇ ಅದನ್ನು ಅಗ್ಗಕ್ಕೆ ಹೊಡೆಯಲು ಬಂದಿದ್ದೇನೆ ಎಂದು ಅವನ ಗುಮಾನಿ. ಹೆಂಡತಿ ಪುಸ್ತಕ ಕೈಗೆ ತೆಗೆದುಕೊಂಡಳು. ಓದು ಬಾರದು, ಆದರೆ ನೋಟಿನ ನಂಬರನ್ನೂ ಪುಸ್ತಕದ ನಂಬರನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಗುರುತನ್ನೂ ಬೆರಳಿಟ್ಟು ಹೋಲಿಸಿದಳು. ಮೂರು ಸಲ ಹೋಲಿಸಿದಳು. ಆಮೇಲೆ ಎದ್ದು ಕರಾರಿನ ಪ್ರತಿ ಸೆರಗಿಗೆ ಕಟ್ಟಿಕೊಂಡಳು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರು ದಲ್ಲಾಳಿಯನ್ನು ಕರೆಸಿದರು. ನಗದೇ ಕೊಟ್ಟಿದ್ದು, ಈ ನೋಟನ್ನು ಜನ್ಮದಲ್ಲಿ ನೋಡಿಲ್ಲ ಎಂದು ಅವನು ದೇವರ ಮೇಲೆ ಆಣೆ ಇಟ್ಟ. ನಾನು ಪುಸ್ತಕ ತೆರೆದು ಮೇಜಿನ ಮೇಲಿಟ್ಟೆ. ನಂಬರು, ದಿನ, ಟ್ರಿಪ್ಪು, ಬದಲಿಗೆ ಬಂದ ಐದು ಜಪಾನಿ ನಾಣ್ಯ, 'ಬೆಲೆ ಅಂದಾಜು ಮೂವತ್ತು ರೂಪಾಯಿ', ಅದರ ಕೆಳಗೆ ಸಹಿ. ಅವರು ಕರಾರನ್ನು ಪಕ್ಕಕ್ಕೆಳೆದು ಅದರಲ್ಲಿದ್ದ ದಲ್ಲಾಳಿಯ ಸಹಿಯನ್ನೂ ಪುಸ್ತಕದ ಸಹಿಯನ್ನೂ ನೋಡಿದರು. ಕೊನೆಯ ಅಕ್ಷರದ ಬಾಲ ಎರಡರಲ್ಲೂ ಒಂದೇ ಥರ ಮೇಲಕ್ಕೆ ಸುತ್ತಿತ್ತು.

"ಜನ್ಮದಲ್ಲಿ ನೋಡಿಲ್ಲ ಅಂದ್ಯಲ್ಲಪ್ಪ?" ಎಂದರು.

ಕರಾರು ರದ್ದಾಯಿತು, ಅವನ ಕೈಯಲ್ಲೇ ಬರೆಸಿದರು. ಮೋಸದ ದೂರೂ ದಾಖಲಾಯಿತು. ಆದರೆ ತೋಟದ ಮಾತು ಬಂದಾಗ ಅವನು ಮತ್ತೆ ನೆಟ್ಟಗೆ ಕೂತ. "ನಾನೇನ್ ಕೀಳಿ ಅಂತ ಬರ್ಕೊಟ್ಟಿದ್ನಾ? ಅವ್ರ ತ್ವಾಟ, ಅವ್ರು ಕಿತ್ಕಂಡ್ರು." ಪತ್ರದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಅವತ್ತು ಅವನ ಮೇಲೆ ಕೈ ಮಾಡದೆ ಇದ್ದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿದೆ.

ಪುಸ್ತಕವೂ ನೋಟೂ ಠಾಣೆಯಲ್ಲೇ ಉಳಿದವು. ಪುಸ್ತಕದಲ್ಲಿ ಬರೆದ ದಿನಗಳಲ್ಲಿ ನಾನು ಕರ್ತವ್ಯದಲ್ಲಿದ್ದೆನೇ ಎಂದು ಕೇಳಿ ಡಿಪೋಗೆ ಪತ್ರ ಹೋಯಿತು. ಹೋಗಲೇಬೇಕಿತ್ತು. ಮೆಮೊ ಬಂತು, ವಿಚಾರಣೆ ನಡೆಯಿತು. ಮ್ಯಾನೇಜರ್ ಕೆಟ್ಟವರಲ್ಲ. "ಕೆಲ್ಸ ಒಳ್ಳೇದೇ ಮಾಡಿದ್ದೀರಿ. ಆದ್ರೆ ಈ ಬರಹ ಯಾರ್ದು?" ಎಂದು ನಾನು ಬರೆದುಕೊಟ್ಟ ಕಾಗದ ತೋರಿಸಿದರು. ಒಂದು ವರ್ಷದ ಇನ್‌ಕ್ರಿಮೆಂಟ್ ನಿಂತಿತು. ಮನೆಯಲ್ಲಿ ಹೆಂಡತಿ ಬಿಸ್ಕತ್ತಿನ ಡಬ್ಬ ಅಟ್ಟದ ಮೇಲೆ ಎಸೆದಳು. ಊರವರು ಮಾತ್ರ ಹೊಗಳಿದರು. ಹೊಗಳಿಕೆ ನನಗೆ ಹಿಡಿಸಿತು ಎಂದೂ ಒಪ್ಪಿಕೊಳ್ಳುತ್ತೇನೆ.

ನಾಲ್ಕು ತಿಂಗಳು ಆಕೆ ಕಾಣಲಿಲ್ಲ. ಹೊಸದಾಗಿ ಕಡ್ಡಿ ನೆಟ್ಟರೂ ಸೊಪ್ಪು ಕೈಗೆ ಬರಲು ವರ್ಷ ಹಿಡಿಯುತ್ತದೆ. ಒಂದು ದಿನ ಬೆಳಿಗ್ಗೆ ಹತ್ತಿದಳು, ಕೈಯಲ್ಲಿ ಊಟದ ಡಬ್ಬಿ, ಜೊತೆಗೆ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರ ಗುಂಪು. ಹಾರೋಹಳ್ಳಿಯ ಫ್ಯಾಕ್ಟರಿ ಗೇಟಿಗೆ ಟಿಕೆಟ್ ಕೇಳಿದಳು. ಜಗಳವಾಡಲು ಚೀಲವಿರಲಿಲ್ಲ. ಒಂದು ಒಳ್ಳೆಯ ಮಾತು ಕೇಳುವ ಆಸೆಯಿಂದ ನಾನೇ ಬಾಯಿ ಬಿಟ್ಟೆ.

"ನನ್ಗೂ ಇನ್‌ಕ್ರಿಮೆಂಟ್ ನಿಲ್ಸುದ್ರು ಕಣಕ್ಕ."

ಅವಳು ಚಿಲ್ಲರೆ ಎಣಿಸಿ ನನ್ನ ಕೈಗೆ ಹಾಕಿದಳು.

"ಬರೋ ವರ್ಸ ನಿಂಗೆ ಸರಿಯೋಯ್ತದೆ ಬುಡು. ಒಂದು ಮಾತು ಕೇಳ್ತೀನಿ. ಆ ಬೇವಾರ್ಸಿಗೆ ಎಲ್ಲಾನೂ ಬುಡ್ಸಿ ಬುಡ್ಸಿ ಏಳ್ಕೊಟ್ಟಲ್ಲ, ಯಾವ ನೋಟು, ಎಷ್ಟು ಬಾಳ್ತದೆ ಅಂತ. ನಾನೂ ವಾರ ವಾರ ಇದೇ ಬಸ್ನಾಗೇ ಬತ್ತಿದ್ದೆ. ನಂಗೆ ಒಂದಿನನಾದ್ರೂ ತೋರ್ಸುದ್ಯಾ?"

ನಾನು ಅವಳಿಗೆ ತೋರಿಸಿದ್ದು ಲಗೇಜ್ ಟಿಕೆಟ್ಟಿನ ದರಪಟ್ಟಿ ಮಾತ್ರ. ಹಿಂದಿನಿಂದ ಯಾರೋ ಟಿಕೆಟ್, ಟಿಕೆಟ್ ಎಂದು ಕೂಗುತ್ತಿದ್ದರು. ಟಿಕೆಟ್ ಹರಿದು ಅವಳ ಕೈಗೆ ಕೊಟ್ಟೆ, ಅವಳು ಅದನ್ನು ತಿರುಗಿಸಿ ಎರಡು ಕಡೆಯೂ ನೋಡಿ ಮಡಿಸಿಟ್ಟುಕೊಂಡಳು.